ಕ್ಷಮೆಗೊಂದು ನಕ್ಷತ್ರ

ಮದುವೆಗೆ ಮುಂಚೆ ಅವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದಲ್ಲಿದ್ದವಳು. ಹೊಲಿದು ಬಂದ ಅಂಗಿಯ ಕಾಲರು, ತೋಳು, ಗುಂಡಿ ನೋಡಿ, ಸರಿಯಿದ್ದರೆ ಚೀಟಿ ಅಂಟಿಸುವುದು, ಇಲ್ಲದಿದ್ದರೆ ಪಕ್ಕದ ಬುಟ್ಟಿಗೆ ಎಸೆಯುವುದು. ಅವಳು ಕೆಲಸ ಬಿಟ್ಟರೂ ಅವಳ ಕಣ್ಣು ಅದನ್ನು ಬಿಡಲಿಲ್ಲ. ಗಂಡ ಊಟಕ್ಕೆ ಕೂತರೆ ಮೊದಲು ಕಾಲರು ನೋಡುತ್ತಿದ್ದಳು, ಆಮೇಲೆ ಮುಖ.

ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದೆಂದು ಗಂಡ ಹೆಂಡತಿ ಪ್ರಾರ್ಥನೆ ಮಾಡಿ ತೀರ್ಮಾನಿಸಿದ ಮೇಲೆ ಆ ಕಣ್ಣಿಗೆ ಮತ್ತೆ ಕೈತುಂಬ ಕೆಲಸ.

"ಮಗ್ಗಿ ಯಾರು ಬೇಕಾದ್ರೂ ಕಲಿಸ್ತಾರೆ ರೀ. ನಾವು ಮನಸ್ಸು ಬೆಳೆಸಬೇಕು. ದೇವರು ಯಾರನ್ನ ಹೇಗೆ ಮಾಡಿದಾನೋ ಹಾಗೇ ಅರಳಬೇಕು" ಎಂದಿದ್ದಳು.

ಮಾತೇನೋ ಬಂಗಾರದಂಥದ್ದು. ಆದರೆ ಮನಸ್ಸು ಬೆಳೆಯಿತೋ ಇಲ್ಲವೋ ತಿಳಿಯುವುದು ಹೇಗೆ? ಅಂಗಿಯಾದರೆ ಎಳೆದು ನೋಡಬಹುದು. ಯೋಚಿಸಿ ಯೋಚಿಸಿ ಅಡುಗೆಮನೆಯ ಗೋಡೆಗೆ ಒಂದು ರಟ್ಟು ತೂಗುಹಾಕಿದಳು. ಮೇಲೆ ತಾಳ್ಮೆ, ದಯೆ, ಕ್ಷಮೆ. ಎಡಗಡೆ ಮಕ್ಕಳ ಹೆಸರು. ಒಳ್ಳೆಯದು ಮಾಡಿದಾಗೊಂದು ಮಿನುಗುವ ನಕ್ಷತ್ರ.

"ಮನಸ್ಸಿಗೂ ಚೆಕಿಂಗಾ?" ಎಂದು ಗಂಡ ನಕ್ಕ. ಆದರೂ ಅದಕ್ಕೊಂದು ಚೌಕಟ್ಟು ಹಾಕಿಕೊಟ್ಟ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಹೆಂಡತಿಯ ಮಾತಿಗೆ ಕಟ್ಟು ಹಾಕುವುದು ಅವನಿಗೆ ಗೊತ್ತಿರಲಿಲ್ಲ.

ಹತ್ತು ವರ್ಷದ ದೊಡ್ಡ ಮಗನನ್ನು ಎಲ್ಲರೂ ಕರೆಯುತ್ತಿದ್ದುದು ಪಂಡಿತ ಎಂದು. ಬಾಯಿ ತೆರೆದರೆ ಮುಚ್ಚುವವನಲ್ಲ. ಅವನ ತಂಗಿ ಗುಬ್ಬಿ, ಹಿಡಿಯಷ್ಟು ಮೈ, ಊರಗಲ ದನಿ. ವಾರ ಕಳೆಯುವುದರೊಳಗೆ ಪಂಡಿತನ ಸಾಲು ಮಿಣಮಿಣ ಹೊಳೆಯತೊಡಗಿತು. ಗುಬ್ಬಿಯ ಸಾಲು ಭಣಭಣ.

ಒಂದು ಬೆಳಿಗ್ಗೆ ಭಾಗಾಕಾರದ ನಡುವೆ ಗುಬ್ಬಿ ಚೀರಿದಳು. ಅಮ್ಮ ಸೌಟು ಹಿಡಿದೇ ಓಡಿಬಂದಳು.

"ಅಣ್ಣ ಹೊಡೆದ!"

"ಯಾಕೋ?"

"ಅವಳ ಒಳ್ಳೇದಕ್ಕೇ ಅಮ್ಮ" ಎಂದ ಪಂಡಿತ, ಗಂಭೀರವಾಗಿ. "ಪಾಪ, ಅವಳಿಗೆ ಕ್ಷಮೇಲಿ ಒಂದೂ ನಕ್ಷತ್ರ ಇಲ್ಲ. ಯಾರಾದ್ರೂ ಹೊಡೆದ್ರೆ ತಾನೇ ಕ್ಷಮಿಸೋಕಾಗೋದು? ಹಾಗೇ ನಂಗೂ ದಯೇಲಿ ಒಂದು ಹಾಕಿಬಿಡು."

ಅಮ್ಮನಿಗೆ ನಗು ಉಕ್ಕಿತು, ಅದನ್ನು ಹೇಗೋ ನುಂಗಿಕೊಂಡಳು. "ಗುಬ್ಬೀ, ಅಣ್ಣನ್ನ ಕ್ಷಮಿಸಿದೆ ಅನ್ನು."

"ಕ್ಷಮಿಸಿಲ್ಲ. ಇನ್ನೂ ಸಿಟ್ಟಿದೆ" ಎಂದಳು ಗುಬ್ಬಿ. ತೋಳು ಉಜ್ಜಿಕೊಂಡು ಸ್ವಲ್ಪ ಲೆಕ್ಕ ಹಾಕಿ, "ಸಾಯಂಕಾಲದ ಹೊತ್ತಿಗೆ ಹೋಗಬಹುದು" ಎಂದು ಸೇರಿಸಿದಳು.

ಇಬ್ಬರಿಗೂ ನಕ್ಷತ್ರ ಸಿಗಲಿಲ್ಲ. ಅಮ್ಮನಿಗೆ ನೆಮ್ಮದಿಯೂ ಸಿಗಲಿಲ್ಲ. ರಟ್ಟಿನಲ್ಲಿ ನಿಜ ಹೇಳಿದ್ದಕ್ಕೆ ಜಾಗವೇ ಇರಲಿಲ್ಲವಲ್ಲ.

ಅದೇ ಮಧ್ಯಾಹ್ನ ಬಾಗಿಲು ಬಡಿದದ್ದು ನಾದಿನಿ. ಅವಳು ಶಾಲೆಯ ಟೀಚರು. ಕೆಲವು ತಿಂಗಳ ಹಿಂದೆ, ಆರಾಧನೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ, "ನಮ್ಮ ಅತ್ತಿಗೆ ಮಕ್ಕಳನ್ನ ಭರಣೀಲಿ ಹಾಕಿ ಮುಚ್ಚಳ ಮುಚ್ಚಿದಾರೆ, ಉಪ್ಪಿನಕಾಯಿ ಥರ" ಎಂದು ಹೇಳಿ ಅಷ್ಟು ಜನರನ್ನೂ ನಗಿಸಿದ್ದಳು. ಯಾರು ಕೇಳಿದರೂ ಅಮ್ಮ, "ಅಯ್ಯೋ, ನಾನಾಗಲೇ ಕ್ಷಮಿಸಿಬಿಟ್ಟೆ" ಎನ್ನುತ್ತಿದ್ದಳು. ದೂರದಲ್ಲಿ ನಾದಿನಿ ಕಂಡರೆ ಮಾತ್ರ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

"ಅತ್ತಿಗೆ, ನೀವು ಬರೋದೇ ಬಿಟ್ರಿ, ಅದಕ್ಕೆ ನಾನೇ ಬಂದೆ" ಎಂದಳು ನಾದಿನಿ. "ಅವತ್ತಿನ ಮಾತು ಮನಸ್ಸಲ್ಲಿ ಇಟ್ಕೊಂಡಿದೀರಾ?"

"ಛೆ ಛೆ! ನಾನು ಅವತ್ತೇ ಮರೆತೆ" ಎಂದಳು ಅಮ್ಮ. ನಗೆ ಮಾತ್ರ ಗಂಜಿ ಹಾಕಿ ಇಸ್ತ್ರಿ ಮಾಡಿದಂತಿತ್ತು.

ಪಂಡಿತ ಆಗಲೇ ಪೆನ್ಸಿಲ್ ಹಿಡಿದು ರಟ್ಟಿನ ಅಡಿಗೆ 'ಅಮ್ಮ' ಎಂದು ಬರೆಯುತ್ತಿದ್ದ. "ಅಮ್ಮಂಗೂ ಒಂದು ನಕ್ಷತ್ರ!"

"ತಾಳು" ಎಂದಳು ಗುಬ್ಬಿ. ಅಮ್ಮನ ಹತ್ತಿರ ಬಂದು ಮುಖ ಎತ್ತಿ ನೋಡಿದಳು. ಕೆಣಕುವ ಉದ್ದೇಶ ಅವಳಿಗೆ ಚೂರೂ ಇರಲಿಲ್ಲ. "ಅಮ್ಮ, ಸಿಟ್ಟು ಹೋಗಿದೆಯಾ, ಇಲ್ಲ ಸಾಯಂಕಾಲ ಹೋಗುತ್ತಾ?"

ಅಮ್ಮನ ಕಿವಿ ಬಿಸಿಯಾಯಿತು. ಹೌದೆಂದರೆ ಒಂದು ನಕ್ಷತ್ರ, ಇಲ್ಲವೆಂದರೆ ಮಾನ ಬೀದಿಪಾಲು. ಅವಳು ಧೊಪ್ಪನೆ ಕುರ್ಚಿಯ ಮೇಲೆ ಕೂತಳು.

"ಹೋಗಿಲ್ಲ" ಎಂದಳು. "ಬೆಟ್ಟದಷ್ಟಿದೆ. ಅಷ್ಟು ಜನರ ಮುಂದೆ ಹಾಗಂದುಬಿಟ್ಟೆಯಲ್ಲ! ನಾನು ಹೆದರಿಕೊಂಡೇ ಕಲಿಸ್ತಾ ಇದೀನಿ. ಎಲ್ಲಿ ಮಕ್ಕಳನ್ನ ಕೆಡಿಸಿಬಿಡ್ತೀನೋ ಅಂತ ದಿನಾ ಪ್ರಾರ್ಥನೆ ಮಾಡ್ತೀನಿ."

ನಾದಿನಿ ಇನ್ನೊಂದು ಕುರ್ಚಿ ಎಳೆದು ಅವಳ ಎದುರಿಗೆ ಕೂತಳು.

"ನಗಿಸಬೇಕು ಅನ್ನೋ ಚಪಲ ಅತ್ತಿಗೆ" ಎಂದಳು. "ಗುಬ್ಬಿ ನಿಮ್ಮನ್ನ ಕೇಳಿದಷ್ಟು ನೇರವಾಗಿ ನನ್ನ ಕ್ಲಾಸಲ್ಲಿ ಒಬ್ಬ ಹುಡುಗನೂ ನನ್ನನ್ನ ಕೇಳಿದ್ದಿಲ್ಲ. ನಾನು ಹಾಗನ್ನಬಾರದಿತ್ತು. ತಪ್ಪಾಯ್ತು."

ಅಮ್ಮ ಅತ್ತಳು, ಮೂಗೊರೆಸಿಕೊಂಡಳು, ಎದ್ದು ಟೀಗೆ ನೀರಿಟ್ಟಳು. ಟೀ ಕುಡಿಯುತ್ತಾ ಭಾಗಾಕಾರ ಕಲಿಸುವ ರೀತಿಯ ಬಗ್ಗೆ ಇಬ್ಬರೂ ಮತ್ತೆ ಜಗಳವಾಡಿದರು. ಈ ಸಲದ ಜಗಳ ಹಿತವಾಗಿತ್ತು.

ಸಂಜೆ ಗಂಡ ಬಂದಾಗ ರಟ್ಟು ಗೋಡೆಯಿಂದ ಇಳಿದಿತ್ತು. "ಅಯ್ಯೋ, ನನ್ನ ನಕ್ಷತ್ರಗಳು!" ಎಂದು ಪಂಡಿತ ಹಲುಬುತ್ತಿದ್ದ. ಅವನ ಹಲುಬು ಊಟದವರೆಗೂ ನಡೆಯಿತು. ಆಮೇಲೆ ಒಮ್ಮೆಲೇ ನಿಂತಿತು. ಪಾತ್ರೆ ತೊಳೆಯುತ್ತಿದ್ದ ಅಮ್ಮನ ಪಕ್ಕ ಬಂದು ನಿಂತ.

"ಅಮ್ಮ, ಬೆಳಿಗ್ಗೆ ನಾನು ಹೊಡೆದದ್ದು ಅವಳ ಒಳ್ಳೇದಕ್ಕಲ್ಲ. ನನ್ನ ಲೆಕ್ಕ ತಪ್ಪು ಅಂತ ಅಂದಳು. ಸಿಟ್ಟು ಬಂತು."

"ಲೆಕ್ಕ ತಪ್ಪಾಗಿತ್ತಾ?"

"...ಹೂಂ."

ಅಮ್ಮ ಒದ್ದೆ ಕೈಯಲ್ಲೇ ಅವನ ತಲೆಯನ್ನು ಎದೆಗೊತ್ತಿಕೊಂಡಳು. "ಇದನ್ನ ನಂಗೆ ಹೇಳಿದ ಹಾಗೇ ಅವಳಿಗೂ ಹೇಳು. ನಾನು ಕೇಳಿಸ್ಕೊಳ್ಳೋಲ್ಲ, ಹೋಗು."

ಕೇಳಿಸಿಕೊಳ್ಳುವುದಿಲ್ಲವೆಂದವಳು ನಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು, ಬಾಗಿಲಿಗೆ ಕಿವಿಗೊಟ್ಟು ನಿಂತಳು.