ಕೆಂಪು ಗೆರೆ

"ಅಕ್ಕ, ಈ ಗೆರೆನ ಇನ್ನೊಂದು ಅಕ್ಕಿಕಾಳಿನಷ್ಟು ಆ ಕಡೆ ಸರಿಸಿಬಿಡಿ," ಎಂದು ಚಿಕ್ಕ ಯಜಮಾನರು ಯಂತ್ರದ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು.

ಬಸ್ಸು ಲಾರಿಗಳ ಬ್ರೇಕಿಗೆ ಸ್ಪ್ರಿಂಗ್ ಮಾಡುವ ಆ ಕಾರ್ಖಾನೆಯಲ್ಲಿ ಅಕ್ಕನದು ತಪಾಸಣೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು. ಸ್ಪ್ರಿಂಗನ್ನು ಯಂತ್ರದ ಬಾಯಿಗಿಟ್ಟು ಹಿಡಿಕೆ ಒತ್ತಬೇಕು. ಗಾಜಿನೊಳಗಿನ ಮುಳ್ಳು ಎರಡು ಕಪ್ಪು ಗೆರೆಗಳ ನಡುವೆ ನಿಂತರೆ ನೀಲಿ ಪೆಟ್ಟಿಗೆಗೆ, ಅದು ಹೊರದೇಶಕ್ಕೆ. ಕಪ್ಪು ದಾಟಿಯೂ ಕೆಂಪು ಗೆರೆಯೊಳಗೆ ನಿಂತರೆ ಬಿಳಿ ಪೆಟ್ಟಿಗೆಗೆ. ಅದು ನಮ್ಮೂರ ಬಸ್ ಡಿಪೋಗೆ. ಕೆಂಪನ್ನೂ ದಾಟಿದರೆ ಗುಜರಿ.

ಕೆಂಪು ಗೆರೆ ಯಂತ್ರದ ಜೊತೆ ಬಂದದ್ದಲ್ಲ. ಅವಳು ಸೇರಿದ ಮೊದಲ ತಿಂಗಳು, ಈಗಿಲ್ಲದ ದೊಡ್ಡ ಯಜಮಾನರು, ನಮ್ಮವರಿಗೆ ತಾನೇ, ಇಷ್ಟು ನಡೆಯುತ್ತೆ ಬಿಡಮ್ಮ ಎಂದು ಗೆರೆ ಎಳೆಯಲು ಏನಾದರೂ ಬಣ್ಣ ಕೇಳಿದ್ದರು. ಹೊಸದಾಗಿ ಮದುವೆಯಾದವಳು, ಚೀಲದಲ್ಲಿ ಉಗುರುಬಣ್ಣದ ಶೀಸೆ ಇತ್ತು. ಎಳೆದವಳು ಅವಳೇ. ಮಾಸಿದಾಗಲೆಲ್ಲ ಮೇಲೆ ಬಳಿದವಳೂ ಅವಳೇ.

ಇವತ್ತು ಡಿಪೋಗೆ ಒಂಬೈನೂರು ಹೋಗಬೇಕು. ಬಿಳಿ ಪೆಟ್ಟಿಗೆಯಲ್ಲಿದ್ದದ್ದು ಆರುನೂರು. ಉಳಿದ ಮುನ್ನೂರು ಗುಜರಿಯಲ್ಲಿ ಬಿದ್ದಿವೆಯಲ್ಲ, ಗೆರೆ ಸರಿದರೆ ಅವೂ ಪಾಸು ಎಂಬುದು ಚಿಕ್ಕ ಯಜಮಾನರ ಲೆಕ್ಕ.

ಅವಳ ಗಂಡ ಅದೇ ಡಿಪೋದ ಡ್ರೈವರ್. ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ವಾದ ಮಾಡಿ ಬಂದಿದ್ದ. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ದೇಶವೇ ಲೋಕಕ್ಕೆಲ್ಲ ದೊಡ್ಡಣ್ಣನಂತೆ. ಜನ ಇದ್ದಾರೆ, ಬುದ್ಧಿ ಇದೆ, ಇನ್ನೇನು ಬೇಕಂತೆ. ಮೊದಲು ನನ್ನಂಗಡಿ ನಲ್ಲಿಗೆ ನೀರು ಬರಲಿ, ದೊಡ್ಡಣ್ಣ ಆಮೇಲಾಗೋಣ ಎಂದನಂತೆ ಕ್ಷೌರಿಕ, ಕತ್ತಿ ಗಂಟಲ ಹತ್ತಿರ ಇದ್ದದ್ದರಿಂದ ಇವನು ಸುಮ್ಮನಾದನಂತೆ. ಮನೆಗೆ ಬಂದಮೇಲೆ ಶೂ ಕಟ್ಟುತ್ತ ಉಳಿದ ವಾದವನ್ನು ಹೆಂಡತಿಯ ಮುಂದೆ ಮುಗಿಸಿದ್ದ: "ಇನ್ನು ನಮ್ಮನ್ನ ತಡೆಯೋರು ಯಾರೂ ಇಲ್ಲ ಕಣೇ."

ಗೆರೆಯನ್ನೇ ನೋಡುತ್ತ ಅವಳು ಕೇಳಿದಳು, "ನೀಲಿ ಪೆಟ್ಟಿಗೆಗೂ ಹೀಗೇ ಸರಿಸಬಹುದಾ?"

ಚಿಕ್ಕ ಯಜಮಾನರು ನಕ್ಕರು. "ಅವರು ಒಂದು ಸರಿಯಿಲ್ಲ ಅಂದ್ರೂ ಪೂರ್ತಿ ಲಾಟೇ ವಾಪಸ್ ಕಳಿಸ್ತಾರೆ, ಅಕ್ಕ."

"ನಮ್ಮನೆಯವರು ವಾಪಸ್ ಕಳಿಸಲ್ಲ. ಹತ್ತಿ ಕೂತು ಓಡಿಸ್ಕೊಂಡು ಹೋಗ್ತಾರೆ."

ಅವರ ನಗು ನಿಂತಿತು. "ನಿಮ್ಮ ಸ್ಟೂಲ್ ಮೇಲೆ ಕೂರೋಕೆ ಗೇಟ್ ಹತ್ರ ಹತ್ತು ಜನ ಕಾಯ್ತಿದ್ದಾರೆ. ಸಂಜೆಯೊಳಗೆ ನಂಗೆ ಒಂಬೈನೂರು ಬೇಕು," ಎಂದು ಹೊರಟುಹೋದರು.

ಸುಮಾರು ಹೊತ್ತು ಅವಳು ಹಿಡಿಕೆ ಮುಟ್ಟಲಿಲ್ಲ. ಗಂಡನ ಸಂಬಳ ಬಾಡಿಗೆಗೂ ದಿನಸಿಗೂ ಸರಿ. ಮಗಳ ಕಾಲೇಜು ನಡೆಯುವುದು ಈ ಸ್ಟೂಲಿನ ಮೇಲೆ. ಆಮೇಲೆ ಬ್ಲೇಡು ಹುಡುಕಿ ಗೆರೆಯನ್ನು ಕೆರೆಯತೊಡಗಿದಳು. ಒಂದರ ಮೇಲೊಂದು ಬಳಿದ ಬಣ್ಣ ಸುಲಭಕ್ಕೆ ಬರಲಿಲ್ಲ; ಕೊನೆಗೆ ಉಗುರೇ ಬೇಕಾಯಿತು. ಬಿಳಿ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಗುಜರಿಗೆ ಸುರಿದಳು. ಆ ಸದ್ದಿಗೆ ಪಕ್ಕದ ಯಂತ್ರದವರೆಲ್ಲ ತಿರುಗಿ ನೋಡಿದರು. ನೀಲಿಯಿಂದ ಒಂಬೈನೂರು ಎಣಿಸಿ ಬಿಳಿಗೆ ತುಂಬಿ, ಚೀಟಿಗೆ ಸಹಿ ಹಾಕಿದಳು.

ಸಂಜೆ ಚಿಕ್ಕ ಯಜಮಾನರು ಬಂದು ಕೆಂಪು ಗೆರೆಯಿಲ್ಲದ ಗಾಜನ್ನು ನೋಡಿದರು. ಬಿಳಿ ಪೆಟ್ಟಿಗೆಯಿಂದ ಒಂದು ಸ್ಪ್ರಿಂಗ್ ತೆಗೆದು ತಾವೇ ಒತ್ತಿದರು. ಮುಳ್ಳು ಕಪ್ಪು ಗೆರೆಗಳ ನಡುವೆ ನಿಂತಿತು. ಇನ್ನೊಂದು. ಮತ್ತೊಂದು. ಆಮೇಲೆ ನೀಲಿ ಪೆಟ್ಟಿಗೆಗೆ ಬಗ್ಗಿ ನೋಡಿದರು, ತಳ ಕಾಣುತ್ತಿತ್ತು.

"ಕೇಳಿದ್ದು ಒಂಬೈನೂರು. ಇದೆ," ಎಂದಳು ಅವಳು.

ಅವರು ಅಲ್ಲೇ ನಿಂತು ಹೊರದೇಶದ ಏಜೆಂಟನಿಗೆ ಫೋನ್ ಮಾಡಿ, ತಪ್ಪೆಲ್ಲ ಅವನದೇ ಎನ್ನುವ ದನಿಯಲ್ಲಿ ಎರಡು ವಾರ ಹೆಚ್ಚಿಗೆ ಕೇಳಿದರು. ಸ್ಟೂಲಿನ ಮಾತು ಎತ್ತದೆ ಹೊರಟರು.

ಮನೆಯಲ್ಲಿ ಗಂಡ ಆಗಲೇ ಬಂದು, ನಾಳೆ ಕ್ಷೌರಿಕನಿಗೆ ಕೊಡಬೇಕಾದ ಉತ್ತರವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ. ಕೈ ತೊಳೆಯುತ್ತಿದ್ದ ಅವಳ ಬೆರಳು ನೋಡಿ ಮಾತು ನಿಲ್ಲಿಸಿದ.

"ಏನೇ ಇದು, ಈ ವಯಸ್ಸಲ್ಲಿ ಬಣ್ಣ?"

"ಹಳೇದು ರೀ," ಎಂದಳು.

ಅವನು ಮತ್ತೆ ದೇಶದ ವಿಷಯಕ್ಕೆ ಮರಳಿದ. ಅವಳು ಹೂಂಗುಡುತ್ತ, ಬಳೆಯಲ್ಲಿದ್ದ ಪಿನ್ನು ತೆಗೆದು ಉಗುರಿನ ಸಂದಿ ಕೆದಕಿದಳು. ಕೆಂಪು ಚೂರುಗಳು ಒಂದೊಂದೇ ನೀರಿನ ಜೊತೆ ಹೋದವು. ಒಂದು ಮಾತ್ರ ಒಳಗೆ ಸೇರಿಕೊಂಡು ಬರಲಿಲ್ಲ.