ಮಾತು ನುಂಗುವ ಮಾತ್ರೆ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಎಂದು ಅವಳು ಕೂಗಿದರೆ ಕೆಳಗೆ ಗೊರಕೆ ಹೊಡೆಯುತ್ತಿದ್ದವರೂ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಅಂಥವಳು ಆವತ್ತು ಬೆಳಿಗ್ಗೆ "ಮೂರನೇ ಅಂಕಣದಿಂದ ಬಸ್ಸು..." ಎಂದು ಅಲ್ಲೇ ಮಾತು ನಿಲ್ಲಿಸಿಬಿಟ್ಟಳು. 'ಹೊರಡಲಿದೆ' ಎಂಬ ಮಾತು ಬಾಯಿಗೆ ಬರಲಿಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ಸವೆದುಹೋದ ಮಾತು! "ಬಸ್ಸು... ಬಸ್ಸು..." ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ತಡವರಿಸಿದಳು. ಕೆಳಗಿನಿಂದ ಯಾವನೋ ಪುಣ್ಯಾತ್ಮ, "ಬಸ್ಸು ಏನಾಯ್ತಮ್ಮಾ, ಸತ್ತೋಯ್ತಾ?" ಎಂದು ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಂಟ್ರೋಲರ್ ನಗಲಿಲ್ಲ. ಮೆಟ್ಟಿಲು ಹತ್ತಿ ಬಂದು, "ಮೊದ್ಲು ತಲೆನೋವು ಅಂತ ರಜೆ ಹಾಕ್ತಿದ್ರಿ, ಈಗ ಬಂದು ನನ್ನ ತಲೆ ತಿಂತೀರಿ. ಇನ್ನೊಂದ್ಸಲ ಹೀಗಾದ್ರೆ ಮೈಕ್ ಬಿಟ್ಟು ಲಗೇಜ್ ರೂಮಿಗೆ ಹೋಗಿ ಕೂತ್ಕೊಳ್ಳಿ," ಎಂದ.

ತಲೆನೋವಂತೆ ತಲೆನೋವು! ಕಣ್ಣೆದುರು ಬೆಳಕಿನ ಗರಗಸ ಕುಣಿದು, ಅರ್ಧ ತಲೆಗೆ ಗೂಟ ಬಡಿದಂತಾಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು ಬಿದ್ದಿರುವುದಕ್ಕೆ ಈ ಮಹಾನುಭಾವರು ಇಟ್ಟ ಹೆಸರು ತಲೆನೋವು. ಬಿಸಿಲಲ್ಲಿ ಅಲೆದರೂ ತಲೆನೋವು, ಮಕ್ಕಳು ಗಲಾಟೆ ಮಾಡಿದರೂ ತಲೆನೋವು, ಇದಕ್ಕೂ ಅದೇ ಹೆಸರು. ಡಾಕ್ಟರು ಬರೆದುಕೊಟ್ಟ ಹೊಸ ಮಾತ್ರೆ ಶುರುವಾದ ಮೇಲೆ ಆ ಗೂಟದ ಕಾಟ ಕಡಿಮೆಯಾಗಿತ್ತು, ಸುಳ್ಳು ಹೇಳಬಾರದು. ಆದರೆ ಬೆರಳ ತುದಿಗಳು ಜುಮುಗುಡುತ್ತಿದ್ದವು. ಸೋಡಾ ಕುಡಿದರೆ ತಗಡು ನೆಕ್ಕಿದಂತಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಮಾತು ತುದಿನಾಲಿಗೆಯ ತನಕ ಬಂದು ತಿರುಗಿ ಓಡಿಹೋಗುತ್ತಿತ್ತು. ಜೊತೆಗೆ ಮೈ ಇಳಿಯಿತು, ಊರವರ ಕಣ್ಣಿಗೆ ಬಿದ್ದದ್ದು ಅದೊಂದೇ.

"ಎಷ್ಟು ಸ್ಲಿಮ್ ಆಗಿದೀರಿ ಅತ್ತಿಗೆ! ಆ ಮಾತ್ರೆ ಹೆಸರು ನನಗೂ ಹೇಳ್ರೀ," ಎಂದು ನಾದಿನಿ ಗಂಟುಬಿದ್ದಳು.

"ಇದು ತೆಳ್ಳಗಾಗೋ ಮಾತ್ರೆ ಅಲ್ಲ ಕಣೇ, ಇದು..."

"ಗುಟ್ಟು ಅಲ್ವಾ? ಗೊತ್ತು ಬಿಡಿ!"

ಅವಳ ಮೈ ಉರಿಯುತ್ತಿದ್ದದ್ದು ಇದಕ್ಕೇ. ಉಸಿರೆಳೆಯುವಷ್ಟು ಹೊತ್ತು ಅವಳು ತಡೆದರೆ ಸಾಕು, ಎದುರಿಗಿದ್ದವರು ತಮಗೆ ಬೇಕಾದ ಮಾತನ್ನು ಅವಳ ಬಾಯಿಗೆ ತುರುಕುತ್ತಿದ್ದರು. ಗಂಡನಂತೂ ಕೇಳಲೇಬೇಡಿ. "ಪಾತ್ರೆ ಉಜ್ಜೋದು ಕೊಡ್ರೀ, ಅದೇ..." ಎಂದು ಅವಳು ಹುಡುಕಾಡಿದರೆ, "ಯಾರು, ನಾನಾ?" ಎಂದು ಹಲ್ಲು ಕಿರಿಯುತ್ತಿದ್ದ.

ಆ ಸಂಜೆ ಗಂಡನೊಂದಿಗೆ ಡಾಕ್ಟರ ಬಳಿ ಹೋದಳು. ಈ ಮಾತ್ರೆ ಬೇಡವೆಂದು ಹೇಳದೆ ಇವತ್ತು ಏಳುವುದಿಲ್ಲವೆಂದು ನಿರ್ಧರಿಸಿಯೇ ಕೂತಳು. ಡಾಕ್ಟರು ತೂಕ ನೋಡಿದರು.

"ತಲೆನೋವು ಮತ್ತೆ ಬಂತಾ?"

"ಒಂದೇ ಒಂದು ಸಲ."

"ವೆರಿ ಗುಡ್. ತೂಕಾನೂ ಇಳಿದಿದೆ, ಖುಷಿಪಡಿ. ಇದನ್ನೇ ಮುಂದುವರಿಸೋಣ."

"ಬೇಡ ಡಾಕ್ಟ್ರೇ. ಈ ಮಾತ್ರೆ ನನ್ನ... ನನ್ನ..."

"ನಿದ್ದೆ ಕೆಡಿಸ್ತಿದೆಯಾ?"

"ಅಲ್ಲ."

"ಕೂದಲಾ? ಸ್ವಲ್ಪ ಉದುರುತ್ತೆ, ಮತ್ತೆ ಬರುತ್ತೆ."

"ಅಲ್ಲ!"

"ಅವಳ ತಾಳ್ಮೆ ಕೆಡಿಸ್ತಿರ್ಬೇಕು ಡಾಕ್ಟ್ರೇ," ಎಂದ ಗಂಡ. ಗಂಡಸರಿಬ್ಬರೂ ನಕ್ಕರು. ಡಾಕ್ಟರು ನಗುತ್ತಲೇ ಅದೇ ಮಾತ್ರೆಯ ಹೆಸರು ಬರೆಯತೊಡಗಿದರು.

ಅವಳು ಮೇಜಿನ ಮೇಲೆ ಅಂಗೈ ಬಡಿದಳು. "ಮುಚ್ರೀ ಬಾಯಿ, ಇಬ್ರೂ! ಬಾಯಿ ನಂದು, ಅದರೊಳಗಿನ ಮಾತೂ ನಂದು. ಅದು ಬರೋ ತನಕ ಕಾಯಿರಿ. ನಿಮ್ಮ ಬಾಗಿಲಲ್ಲಿ ಇಷ್ಟು ಹೊತ್ತು ನಾನು ಕಾಯ್ಲಿಲ್ವಾ?"

ಡಾಕ್ಟರ ಪೆನ್ನು ನಿಂತಿತು. ಗಂಡನ ಮುಖ ಸಣ್ಣದಾಯಿತು. ಹೊರಗೆ ಸರದಿಯಲ್ಲಿದ್ದವರು ಕೆಮ್ಮಿದರು, ನರ್ಸು ಇಣುಕಿ ನೋಡಿ ಹೋದಳು. ಅವಳು ಕಣ್ಣು ಮುಚ್ಚಿ ಹುಡುಕಿದಳು. ಎಷ್ಟು ಸಣ್ಣ ಮಾತು ಅದು, ಕೂಸುಗಳಿಗೂ ಗೊತ್ತಿರುವಂಥದ್ದು! ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಗಂಡ ಏನೋ ಹೇಳಲು ತುಟಿ ಬಿಚ್ಚಿದ. ಅವಳು ಕಣ್ಣು ಬಿಟ್ಟು ನೋಡಿದ ನೋಟಕ್ಕೆ ತೆಪ್ಪಗಾದ. ಮತ್ತೆ ಕಾದರು. ಅವಳ ಹಟಕ್ಕೋ ಸಿಟ್ಟಿಗೋ, ಕಡೆಗೂ ಬಂತು.

"ಅನ್ನ," ಎಂದಳು. "ನನ್ನ ಅನ್ನ ಡಾಕ್ಟ್ರೇ! ನಿಮ್ಮ ಮಾತ್ರೆ ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೆ. ನಾನು ಮಾತಾಡಿ ಬದುಕೋಳು. ಇವತ್ತು ಮೈಕ್ ಮುಂದೆ ಮಾತು ಸಿಗದೆ ಊರೆಲ್ಲ ನಕ್ಕಿತು."

ಯಾರೂ ನಗಲಿಲ್ಲ. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು.

"ಬಂದಾಗೆಲ್ಲ ಹೇಳೋಕೆ ಬಾಯಿ ತೆಗೆದೆ. ನೀವೇ ಹೇಳಿ ಮುಗಿಸಿದ್ರಿ."

ಡಾಕ್ಟರು ಹೊಸ ಚೀಟಿ ಎಳೆದುಕೊಂಡರು. "ಆಯ್ತಮ್ಮ, ತಪ್ಪಾಯ್ತು. ಇದನ್ನ ಏಕಾಏಕಿ ನಿಲ್ಲಿಸೋ ಹಾಗಿಲ್ಲ, ಸ್ವಲ್ಪಸ್ವಲ್ಪವೇ ಕಮ್ಮಿ ಮಾಡಿ ಬೇರೆದು ಕೊಡ್ತೀನಿ. ಆದ್ರೆ ಅದರಲ್ಲಿ ತೂಕ ಏರಬಹುದು. ಆಮೇಲೆ ನನ್ನ ಬೈಬೇಡಿ."

"ಅಯ್ಯೋ, ಇಷ್ಟು ಚೆನ್ನಾಗಿ ಇಳಿದಿತ್ತಲ್ಲೇ," ಎಂದು ಗಂಡನ ಬಾಯಿಂದ ಜಾರಿತು.

"ಏರಲಿ ಬಿಡಿ," ಎಂದಳು ಅವಳು, ಒಂದಿಷ್ಟೂ ತಡವರಿಸದೆ. "ನಿಲ್ದಾಣದಲ್ಲಿ ನನ್ನನ್ನ ಯಾರೂ ನೋಡಲ್ಲ. ನನ್ನ ದನಿ ಕೇಳ್ತಾರೆ, ಅಷ್ಟೆ."