ಎಂಬತ್ತೆಂಟು ಟಂಚಿನ ಟಾಯರ

ಕಥಿ ಅಂದಮೇಲೆ ಒಂದಿಷ್ಟು ಗಾಳಿ ತುಂಬಬೇಕು ಅಂತಾರೆ. ಇದಕ್ಕೆ ನಾನು ಗಾಳಿ ಹೊಡೆದಿಲ್ಲ, ಟಾಯರಿನಲ್ಲಿದ್ದದ್ದೇ ಬೇಕಾದಷ್ಟಿತ್ತು. ಖರೇ ನಡೆದದ್ದು.

ಹುಪರಿಯ ಕಾಡಸಿದ್ದ ಬೆಳ್ಳಿ ಕೆಲಸದವ. ಮುದ್ರೆ ಇಲ್ಲದ್ದನ್ನು ನಂಬುವವನಲ್ಲ, ಮುದ್ರೆ ಇದ್ದದ್ದನ್ನು ಬಿಡುವವನಲ್ಲ. ಇಚಲಕರಂಜಿಯಲ್ಲಿ ತನ್ನ ಕಾರಿಗೆ ಸೆಕೆಂಡ್‌ಹ್ಯಾಂಡ್ ಟಾಯರ ಹಾಕಿಸಿ, ಅವುಗಳ ಮೈಮೇಲಿನ ಗುರುತುಗಳ ಫೋಟೊ ತೆಗೆದು ಹೆಂಡತಿಯ ತಮ್ಮ ಕೇತನನಿಗೆ ಕಳಿಸಿದ.

"ಐಎಸ್‌ಐ ಮುದ್ರಿ ಐತಿ. ಮ್ಯಾಲೆ ಎಂಬತ್ತೆಂಟು ಟಂಚ!"

ಟಂಚ ಅಂದರೆ ಬೆಳ್ಳಿಯ ಶುದ್ಧತೆ. ಟಾಯರಿನ ಮೇಲೆ ಎಂಬತ್ತೆಂಟು ಅಂದರೆ ಎಷ್ಟು ಭಾರ ಹೊರುತ್ತದೆ ಎನ್ನುವ ಗುರುತು. ಕೊಲ್ಹಾಪುರದ ಕಾರ್ ಶೋರೂಮಿನಲ್ಲಿ ದುಡಿಯುವ ಕೇತನನಿಗೆ ಇದು ಗೊತ್ತಿತ್ತು. ತಿಳಿಸಿ ಹೇಳಬಹುದಿತ್ತು. ಆದರೆ ಗಂಟಲಿನಲ್ಲಿ ಹತ್ತು ಮಂದಿಯ ದನಿ ಸಾಕಿಕೊಂಡವ ಸುಮ್ಮನಿದ್ದಾನೆಯೇ? ಜೊತೆಗಾರನ ಫೋನು ಇಸಿದುಕೊಂಡು, ಮೂಗು ಹಿಡಿದು, ಮರಾಠಿ ಸಾಹೇಬನಾದ.

"ನಮಸ್ಕಾರ, ಟಾಯರ ಕಂಪನೀತೂನ ಬೋಲತೋಯ. ತುಮಚಾ ಟಾಯರ ಏಕದಮ ಶುದ್ಧ ಆಹೇ!"

ಕಂಪನಿಯವರೇ ಫೋನು ಮಾಡಿ ಟಾಯರ ಶುದ್ಧ ಅಂದರೆಂದು ಕಾಡಸಿದ್ದ ಓಣಿಗೆಲ್ಲ ಸಾರಿದ. ಮರುದಿನ ಬಸುರಿ ಹೆಂಡತಿ ಛಾಯಾಳನ್ನು ಕೂಡಿಸಿಕೊಂಡು ಗಡಹಿಂಗ್ಲಜದ ಅತ್ತೆ ಮನೆಗೆ ಹೊರಟ.

ಅತ್ತ ಶೋರೂಮಿನಲ್ಲಿ ಕೇತನ ನಾಲ್ಕು ಮಂದಿಯನ್ನು ನಗಿಸಲೆಂದು ಅದೇ ಫೋಟೊ ಹಿಗ್ಗಿಸಿದ. ಮೂಲೆಯಲ್ಲಿ 2612 ಅಂತಿತ್ತು. ಎರಡು ಸಾವಿರದ ಹನ್ನೆರಡು, ಇಪ್ಪತ್ತಾರನೇ ವಾರ: ಟಾಯರ ಹುಟ್ಟಿದ್ದು ಆಗ. ಮುದ್ರೆ ಸುಳ್ಳಲ್ಲ. ಆದರೆ ಬೆಳ್ಳಿಗೆ ವಯಸ್ಸಾಗುವುದಿಲ್ಲ, ರಬ್ಬರಿಗೆ ಆಗುತ್ತದೆ. ಕರಿ ಪಾಲಿಶಿನ ಕೆಳಗೆ ಸಣ್ಣ ಸಣ್ಣ ಬಿರುಕು.

ಅವನ ನಗು ಪಂಕ್ಚರ್ ಆಯಿತು. ದಾರಿಯಲ್ಲಿದ್ದ ಭಾವನಿಗೆ ಫೋನು ಹಚ್ಚಿದ.

"ದಾಜಿ, ಗಾಡಿ ನಿಲ್ಲಸ್ರಿ! ಟಾಯರ ಭಾಳ ಹಳೇವು ಅದಾವ!"

"ಇವತ್ತ ಯಾರ ದನಿ ತಗದೀಲೇ?"

"ನನ್ನ ದನೀನರಿ!"

"ಅದನ್ನ ನಾ ಎಂದೂ ಕೇಳಿಲ್ಲ ಬಿಡು. ಕಂಪನಿ ಸಾಹೇಬ್ರ ಶುದ್ಧ ಅಂದಾರ. ನಿಪ್ಪಾಣಿ ದಾಟೇವಿ, ಇನ್ನ ಘಾಟ ಹತ್ತತೇವಿ."

ಹಿಂದಿನಿಂದ ಛಾಯಾ: "ಸಾಕ ಮಾಡೋ ಕೇತ್ಯಾ ನಿನ್ನ ಸೋಂಗ!" ಫೋನು ಕಟ್.

ಅವರು ನಂಬುವ ದನಿ ಒಂದೇ ಉಳಿದಿತ್ತು, ಇಲ್ಲದ ಸಾಹೇಬನದು. ಕೇತನ ಮತ್ತೆ ಜೊತೆಗಾರನ ಫೋನು ಕಸಿದು ಮೂಗು ಹಿಡಿದ.

"ನಮಸ್ಕಾರ, ಕಂಪನೀತೂನ... ಗಾಡಿ ಥಾಂಬವಾ... ತೋ ಟಾಯರ..." ಗಾಡಿ ನಿಲ್ಲಿಸಿರಿ ಅನ್ನುವಷ್ಟರಲ್ಲೇ ಸಾಹೇಬನ ಮರಾಠಿ ತೀರಿತು. "ಅಕ್ಕ ಬಸರಿ ಅದಾಳರೀ ದಾಜಿ, ಕೈ ಮುಗೀತೇನಿ!"

ಆ ಕಡೆ ಗಾಡಿ ರಸ್ತೆಯ ಅಂಚಿಗೆ ಇಳಿದು, ಗಾಲಿಯ ಕೆಳಗೆ ಜಲ್ಲಿಕಡಿ ಕರಕರ ಅಂದದ್ದು ಕೇಳಿತು. ಬಾಗಿಲು ತೆಗೆದ ಸಪ್ಪಳ. ಆಮೇಲೆ ಛಾಯಾಳ ದನಿ, ಸಣ್ಣಗೆ:

"ಕೇತ್ಯಾ, ಹಿಂದಿನ ಟಾಯರ ಬಾತೈತೋ. ಮಾವಿನಕಾಯಿ ಆದಂಗ ಆಗೈತಿ."

ಅವಳ ಹಿಂದೆ ಕಾಡಸಿದ್ದ ನಗತೊಡಗಿದ್ದ. "ಕಂಪನಿ ಸಾಹೇಬಗ ಅಕ್ಕ ಅದಾಳಂತ! ಅಕೀನೂ ಬಸರಿ ಅಂತ!"

"ನಗಬ್ಯಾಡ್ರಿ ಮಾರಾಯರ," ಅಂದಳು ಛಾಯಾ, "ನಿಮ್ಮ ಕೈ ನೋಡ್ರಿ, ಹೆಂಗ ನಡಗಾಕತ್ತಾವ."

ಅವಳು ನಗಲಿಲ್ಲ. ಇತ್ತ ಕೇತನ ಮೂಗು ಬಿಡುವುದನ್ನೂ ಮರೆತು ನಿಂತಿದ್ದ. ಕಾಡಸಿದ್ದ ಮಾತ್ರ ಇನ್ನೂ ಜೋರಾಗಿ, ಘಾಟಿಗೆ ಕೇಳುವಷ್ಟು ಜೋರಾಗಿ ನಕ್ಕ.